ಘಟ್ಟ ಇಳಿಯುವ ಗಾಡಿಯ ಬ್ರೇಕು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು ಸಹ್ಯಾದ್ರಿಯ ಮೇಲ್ಭಾಗದಲ್ಲಿವೆ. ಅಲ್ಲಿಂದ ಕರಾವಳಿಗೆ ಹೋಗಬೇಕಾದರೆ ಘಟ್ಟ ಇಳಿಯದೆ ಗತ್ಯಂತರವಿಲ್ಲ. ಶಿರಸಿಯಿಂದ ಕುಮಟೆಗೆ ಹೊರಟವರು ದೇವಿಮನೆ ಘಟ್ಟವನ್ನೂ, ಸಿದ್ದಾಪುರದಿಂದ ಹೊರಟವರು ದೊಡ್ಡಮನೆ ಘಟ್ಟವನ್ನೂ, ಯಲ್ಲಾಪುರದಿಂದ ಅಂಕೋಲೆಗೆ ಹೋಗುವವರು ಅರಬೈಲು ಘಟ್ಟವನ್ನೂ ಇಳಿಯುತ್ತಾರೆ. ಬಯಲಿನಲ್ಲಿ ಬ್ರೇಕು ತುಸು ಸವೆದಿದ್ದರೂ ಗಾಡಿ ಹೇಗೋ ನಿಂತೀತು. ಘಟ್ಟದ ತಿರುವಿನಲ್ಲಿ ಹಾಗಲ್ಲ.

ಬ್ರೇಕು ವೇಗವನ್ನು ನುಂಗಿಬಿಡುತ್ತದೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದು ಚಲನೆಯ ಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸುತ್ತದೆ. ಚಾಲಕನು ಪೆಡಲನ್ನು ಒತ್ತಿದೊಡನೆ, ಚಕ್ರದೊಂದಿಗೆ ತಿರುಗುವ ಡ್ರಮ್ಮಿನ ಒಳಮೈಗೆ ಬ್ರೇಕ್ ಶೂಗಳು ಒತ್ತಿಕೊಳ್ಳುತ್ತವೆ. ಶೂಗಳಿಗೆ ಹೊದಿಸಿದ ಲೈನಿಂಗ್ ಎಂಬ ಪಟ್ಟಿ ಡ್ರಮ್ಮಿಗೆ ಉಜ್ಜಿ ಬಿಸಿ ಹುಟ್ಟುತ್ತದೆ.

ಈ ಬಿಸಿ ಎಷ್ಟು? ೧೦ ಟನ್ ತೂಕದ ಬಸ್ಸೊಂದು ೫೦೦ ಮೀಟರ್ ಎತ್ತರದಿಂದ ವೇಗ ಹೆಚ್ಚಿಸಿಕೊಳ್ಳದೆ ಕೆಳಗಿಳಿದರೆ, ಅದು ಕಳೆದುಕೊಳ್ಳುವ ಶಕ್ತಿ ಸುಮಾರು ೪೯೦ ಲಕ್ಷ ಜೂಲ್. ೧೪೦ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಅಡಿಕೆ ಬೇಯಿಸುವ ಹಂಡೆಯ ಒಲೆಗೆ ಸೌದೆ ಒಟ್ಟಿದ ಮಕ್ಕಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರಲ್ಲಿ ಒಂದು ಪಾಲನ್ನು ಎದುರುಗಾಳಿ ಮತ್ತು ಎಂಜಿನ್ನು ತಡೆದುಕೊಳ್ಳುತ್ತವೆ. ಎಲ್ಲ ಹೊರೆಯೂ ಬ್ರೇಕಿನ ಮೇಲೆಯೇ ಬಿದ್ದರೆ ಲೈನಿಂಗ್ ವಿಪರೀತ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕಾರಿನಂಥ ಹಗುರ ವಾಹನಗಳಲ್ಲಿ ಇನ್ನೊಂದು ಅಪಾಯವಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ಹಳೆಯ ಆಯಿಲ್ ಬೇಗ ಕುದಿದು ಆವಿಯಾಗುತ್ತದೆ. ದ್ರವದಂತೆ ಆವಿ ಒತ್ತಡವನ್ನು ಸಾಗಿಸಲಾರದು. ಆಗ ಪೆಡಲು ತಳಕ್ಕಿಳಿದರೂ ಗಾಡಿ ನಿಲ್ಲುವುದಿಲ್ಲ.

ಆದುದರಿಂದಲೇ ಅನುಭವಿ ಚಾಲಕರು ಘಟ್ಟವನ್ನು ಹತ್ತಿದ ಗೇರಿನಲ್ಲಿಯೇ ಇಳಿಯುತ್ತಾರೆ. ಕೆಳ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ಲಿಗೆ ಹಾಕಿ ಉರುಳಬಿಡುವವರೂ ಇದ್ದಾರೆ. ಅವರು ಉಳಿಸುವ ಕಾಸಿಗೆ ಪಣವಾಗುವುದು ಒಳಗೆ ಕುಳಿತವರ ಜೀವ.

ಸವೆದ ಬ್ರೇಕು ಬಹುಮಟ್ಟಿಗೆ ಮುನ್ಸೂಚನೆ ಕೊಡದೆ ಕೈಬಿಡುವುದಿಲ್ಲ. ಪೆಡಲು ಮೊದಲಿಗಿಂತ ಆಳಕ್ಕೆ ಹೋಗುವುದು, ಲೋಹಕ್ಕೆ ಲೋಹ ಕೆರೆದ ಸದ್ದು, ಬ್ರೇಕು ಹಾಕಿದಾಗ ಗಾಡಿ ಒಂದೇ ಪಕ್ಕಕ್ಕೆ ಎಳೆಯುವುದು, ಚಕ್ರದ ಒಳಬದಿಯಲ್ಲಿ ಆಯಿಲಿನ ಜಿನುಗು, ಸುಟ್ಟ ವಾಸನೆ ಇವೆಲ್ಲ ಅದರ ಮಾತು. ಲಾರಿ, ಬಸ್ಸುಗಳ ಬ್ರೇಕು ಗಾಳಿಯ ಒತ್ತಡದಿಂದ ನಡೆಯುತ್ತದೆ; ಮಾಪಕದ ಮುಳ್ಳು ಕೆಳಗಿದ್ದರೆ ಗಾಡಿಯನ್ನು ಹೊರಡಿಸಲೇಬಾರದು.

೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಬಸ್ಸು, ಲಾರಿ ಮುಂತಾದ ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರ ಬೇಕು. ೮ ವರ್ಷದವರೆಗೆ ೨ ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಅದನ್ನು ನವೀಕರಿಸಬೇಕು. ಆದರೆ ಆ ಪತ್ರ ಹೇಳುವುದು ತಪಾಸಣೆಯ ದಿನದ ಸ್ಥಿತಿಯನ್ನು ಮಾತ್ರ. ಮಳೆಗಾಲದಲ್ಲಿ ರಸ್ತೆಗೆ ಹರಿದ ಹಳ್ಳವನ್ನು ದಾಟಿದ ಗಾಡಿಯ ಡ್ರಮ್ಮಿಗೆ ನೀರು ನುಗ್ಗಿರುತ್ತದೆ. ಅಂಥ ಹೊತ್ತಿನಲ್ಲಿ ನಿಧಾನವಾಗಿ ಚಲಿಸುತ್ತ, ಪೆಡಲನ್ನು ಹಗುರವಾಗಿ ಕೆಲವು ಸಲ ಒತ್ತಿ, ಹಿಡಿತ ಮರಳಿತೆಂದು ಖಚಿತಪಡಿಸಿಕೊಂಡೇ ಘಟ್ಟದ ಮೊದಲ ತಿರುವಿಗೆ ಇಳಿಯಬೇಕು.