ನಿದ್ದೆಯ ಉಸಿರೂ ಮುಖದ ರೂಪವೂ

ಗೊರಕೆ ಹೊಡೆಯುವವನು ಸುಖನಿದ್ರೆಯಲ್ಲಿರುವನೆಂದು ಲೋಕದ ಭಾವನೆ. ಅದು ಸದಾ ನಿಜವಲ್ಲ. ಗಟ್ಟಿಯಾದ ಗೊರಕೆ ಥಟ್ಟನೆ ನಿಂತು, ಹತ್ತು ಸೆಕೆಂಡಿಗೂ ಮಿಕ್ಕಿ ಉಸಿರಿಲ್ಲದೆ, ಬಳಿಕ ಏದುಸಿರಿನೊಡನೆ ಮರಳಿ ಆರಂಭವಾಗುತ್ತಿದ್ದರೆ ಅದು ವ್ಯಾಧಿಯ ಲಕ್ಷಣ. ವೈದ್ಯರು ಇದನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ದೆಯಲ್ಲಿ ನಾಲಗೆಯೂ ಮೆದು ಅಂಗುಳೂ ಸಡಿಲಗೊಂಡು ಹಿಂದೆ ಜಾರಿ ಗಂಟಲಿನ ದಾರಿಯನ್ನು ಮುಚ್ಚುವುದೇ ಇದರ ಮೂಲ. ಉಸಿರು ಹೀಗೆ ನಿಲ್ಲುವುದೂ ಕುಗ್ಗುವುದೂ ಗಂಟೆಗೆ 30 ಬಾರಿ ಮುಟ್ಟಿದರೆ ವ್ಯಾಧಿ ತೀವ್ರ. ಹಗಲಿನ ತೂಕಡಿಕೆ, ಏರಿದ ರಕ್ತದೊತ್ತಡ ಇದರ ಸಂಗಾತಿಗಳು. ಒಂದೇ ಕೋಣೆಯಲ್ಲಿ ಹಲವರು ಮಲಗುವ ಹೋಟೆಲು ನೌಕರರು ಜೊತೆಗಾರನನ್ನು ಗೇಲಿಮಾಡದೆ ಕಂಡದ್ದನ್ನು ತಿಳಿಸುವುದು ದೊಡ್ಡ ಉಪಕಾರ. ತನ್ನ ಉಸಿರು ನಿಂತುದು ಅವನಿಗೇ ತಿಳಿದಿರುವುದಿಲ್ಲ.

ತೂಕ ಇಳಿಸುವುದು, ಮದ್ಯ ತ್ಯಜಿಸುವುದು, ಮುಖವಾಡದ ಮೂಲಕ ಗಾಳಿಯ ಒತ್ತಡ ಕೊಡುವ ಯಂತ್ರ, ಇವು ಮೊದಲ ಉಪಾಯಗಳು. ಆ ಯಂತ್ರದ ಪ್ರಯೋಗವನ್ನು ಆಸ್ಟ್ರೇಲಿಯದ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದರು. ಮುಖವಾಡವನ್ನು ಸಹಿಸಲಾರದವರಿಗೆ, ವಿಶೇಷವಾಗಿ ಗದ್ದ ಹಿಂಜರಿದವರಿಗೆ, ದವಡೆಯ ಶಸ್ತ್ರಕ್ರಿಯೆಯ ಸಲಹೆ ಬರುವುದುಂಟು. ಮೇಲಿನ, ಕೆಳಗಿನ ಎರಡು ದವಡೆಗಳನ್ನೂ ಕತ್ತರಿಸಿ, ಸುಮಾರು 10 ಮಿಲಿಮೀಟರ್ ಮುಂದಕ್ಕೆ ಸರಿಸಿ, ಟೈಟೇನಿಯಂ ಪಟ್ಟಿಗಳಿಂದ ಬಿಗಿಯುತ್ತಾರೆ. ಎಲುಬಿನೊಡನೆ ನಾಲಗೆಯೂ ಮುಂದೆ ಬಂದು ಗಂಟಲು ವಿಶಾಲವಾಗುತ್ತದೆ. 2016ರಲ್ಲಿ ಪ್ರಕಟವಾದ 45 ಅಧ್ಯಯನಗಳ ಸಮೀಕ್ಷೆಯಲ್ಲಿ, ನೂರಕ್ಕೆ ಸುಮಾರು 85 ಮಂದಿಯಲ್ಲಿ ಉಪದ್ರವ ಅರ್ಧಕ್ಕೂ ಕೆಳಗಿಳಿದಿತ್ತು. ಪೂರ್ಣ ಗುಣ ಕಂಡವರು ಸುಮಾರು 38 ಮಂದಿ.

ಆದರೆ ಮುಖದ ಗತಿಯೇನು? ತಂದೆಯ ಗದ್ದ, ತಾಯಿಯ ತುಟಿ ಎಂದು ಊರು ನಮ್ಮನ್ನು ಗುರುತಿಸುವುದು ಮುಖದಿಂದಲೇ. ಈ ಚಿಂತೆಯನ್ನು ಒಣ ಶೋಕಿಯೆಂದು ತಳ್ಳಿಹಾಕುವುದು ಸಲ್ಲದು. ಗದ್ದ ಮುಂದೆ ಬರುತ್ತದೆ, ಮೇಲ್ದುಟಿ ಉಬ್ಬುತ್ತದೆ, ಮೂಗಿನ ಬುಡ ಅಗಲವಾಗಬಹುದು. ಗದ್ದ ಚಿಕ್ಕದಾಗಿದ್ದವರಿಗೆ ಇದು ಶೋಭೆಯನ್ನೇ ತರಬಹುದು; ಮೊದಲೇ ಬಾಯಿ ಮುಂಚಾಚಿದವರಿಗೆ ಅತಿಯೆನಿಸೀತು. ಅಂಥವರಿಗೆ ಮೇಲಿನ ದವಡೆಯನ್ನು ತಿರುಗಿಸಿ ಕೂರಿಸುವ ಕ್ರಮವೂ ಇದೆ. ಬಾವು ಇಳಿದು ನಿಜರೂಪ ತಿಳಿಯಲು ತಿಂಗಳುಗಳು ಬೇಕು. ಕೆಳದುಟಿಯ ಮರಗಟ್ಟುವಿಕೆ ಕೆಲವರಲ್ಲಿ ಶಾಶ್ವತವಾಗಿ ಉಳಿಯುತ್ತದೆ. ವಾರಗಟ್ಟಲೆ ಗಂಜಿಯೇ ಊಟ. ಅಷ್ಟೂ ದಿನದ ಸಂಬಳದ ಲೆಕ್ಕವನ್ನೂ ಮೊದಲೇ ಹಾಕಬೇಕು.

ಆದುದರಿಂದ ಒಪ್ಪಿಗೆಯ ಸಹಿಗೆ ಮುನ್ನ ಶಸ್ತ್ರವೈದ್ಯರನ್ನು ಕೇಳಿರಿ: ಎಷ್ಟು ಸರಿಸುವಿರಿ? ಕಂಪ್ಯೂಟರಿನಲ್ಲಿ ಭಾವೀ ಮುಖದ ಚಿತ್ರ ತೋರಿಸುವಿರಾ? ನೀವೇ ಮಾಡಿದ ರೋಗಿಗಳ ಅನುಭವವೇನು? ಆ ಚಿತ್ರವೂ ಅಂದಾಜೇ ಎಂಬುದು ನೆನಪಿರಲಿ. ಮನೆಯವರೂ ಆ ಮಾತುಕತೆಯಲ್ಲಿ ಇರಲಿ. ಕನ್ನಡಿಯನ್ನು ದಿನಕ್ಕೆರಡು ಸಲ ನೋಡುವವರಿಗಿಂತ ಅವರು ನಮ್ಮ ಮುಖವನ್ನು ಹೆಚ್ಚು ಬಲ್ಲರು, ರಾತ್ರಿ ನಮ್ಮ ಉಸಿರಿಗೆ ಕಿವಿಗೊಟ್ಟು ಎಚ್ಚರಿರುವವರೂ ಅವರೇ.