ಯಾರ ಕೈ ಯಾರು ಹಿಡಿಯಬೇಕು?

ಎಫ್‌ಎಸ್‌ಎಚ್ ಮತ್ತು ಎಲ್‌ಎಚ್. ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ ಹೊರಟು ಅಂಡಾಶಯಕ್ಕೆ, ವೃಷಣಕ್ಕೆ ಕೆಲಸ ಹೇಳುವ ಹಾರ್ಮೋನುಗಳಿವು. ಎರಡರಲ್ಲೂ ಆಲ್ಫಾ ಸರಪಳಿ ಒಂದೇ. ಬೇರೆಯಾಗಿರುವುದು ಬೀಟಾ ಸರಪಳಿ. ಗುರುತು ಇರುವುದೇ ಅಲ್ಲಿ.

ಹಾರ್ಮೋನಿನ ಮಾತು ಕೇಳಿಸಿಕೊಳ್ಳುವ ರಿಸೆಪ್ಟರಿನ, ಜೀವಕೋಶದ ಹೊರಗೆ ಚಾಚಿಕೊಂಡ ಭಾಗ ಬಾಗಿದ ಅಂಗೈಯಂತಿರುತ್ತದೆ. ಹಾರ್ಮೋನು ಬಂದು ಆ ಕೈ ಹಿಡಿಯುತ್ತದೆ. ಮನುಷ್ಯರ ಎಫ್‌ಎಸ್‌ಎಚ್‌ನ ಈ ಹಿಡಿತದ ರಚನೆ ವಿಜ್ಞಾನಿಗಳಿಗೆ ಸ್ಪಷ್ಟವಾಗಿ ಕಂಡದ್ದು 2005ರಲ್ಲಿ. ನಮ್ಮ ದೇಹದಲ್ಲಿ ಎಲ್‌ಎಚ್‌ಗೆ ಎಫ್‌ಎಸ್‌ಎಚ್‌ ರಿಸೆಪ್ಟರಿನ ಕೈ ಸಿಗುವುದಿಲ್ಲ.

ಮೀನಿನಲ್ಲಿ? ಝೀಬ್ರಾ ಮೀನನ್ನೇ ನೋಡಿ. ಅದರ ಎಫ್‌ಎಸ್‌ಎಚ್ ತನ್ನ ರಿಸೆಪ್ಟರನ್ನಷ್ಟೇ ಎಬ್ಬಿಸುತ್ತದೆ. ಎಲ್‌ಎಚ್ ಮಾತ್ರ ಎರಡನ್ನೂ ಎಬ್ಬಿಸಬಲ್ಲದು!

ಇಂಥ ಸಡಿಲಿಕೆ ಮನುಷ್ಯರಿಗೆ ಬಂದರೆ ಕಷ್ಟ. 2003ರಲ್ಲಿ ವರದಿಯಾದ ಕೆಲವು ಗರ್ಭಿಣಿಯರ ಎಫ್‌ಎಸ್‌ಎಚ್ ರಿಸೆಪ್ಟರಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಅಷ್ಟಕ್ಕೇ, ಗರ್ಭ ನಿಂತಾಗ ಏರುವ, ಎಲ್‌ಎಚ್‌ನ ರಿಸೆಪ್ಟರನ್ನೇ ಹಿಡಿಯುವ ಎಚ್‌ಸಿಜಿ ಹಾರ್ಮೋನು ಅದನ್ನೂ ಕೆರಳಿಸಿತು. ಅಂಡಾಶಯಗಳು ಊದಿಕೊಂಡವು.

ನನಗೆ ತುಂಬ ಅಚ್ಚರಿಯಾದದ್ದು ಇದು: ಆ ಬದಲಾವಣೆ ಇದ್ದದ್ದು ಹಾರ್ಮೋನು ಹಿಡಿಯುವ ಅಂಗೈಯಲ್ಲಲ್ಲ. ಜೀವಕೋಶದ ಪೊರೆಯೊಳಗೆ ಹುದುಗಿರುವ ಭಾಗದಲ್ಲಿ.