ಬೀದಿಯ ಮರಿ, ಮನೆಯ ಕಾವಲು

ನಾಯಿ ಎಂದೊಡನೆ ಸುರೇಬಾನದ ಕಡೆಯವರಿಗೆ ನೆನಪಾಗುವುದು ನೆರೆಯ ಮುಧೋಳದ ಬೇಟೆನಾಯಿ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯೂ ಬಂದಿತು. ಆದರೆ ಕಣ ಕಾಯಲು ಬೆಲೆಯುಳ್ಳ ತಳಿಯೇ ಬೇಕೆಂದಿಲ್ಲ. ತಾಯಿ ತಪ್ಪಿದ ಬೀದಿ ಮರಿಯನ್ನು ತಂದು ಸಾಕಿದರೂ ಸಾಕು, ಅದು ಮನೆಯದೇ ಆಗುತ್ತದೆ.

ಹೊಸದರಲ್ಲಿ ಅದು ಅಂಜಿ ಮೂಲೆ ಹಿಡಿಯುತ್ತದೆ. ಹೊಡೆಯಬೇಡಿ, ಬೆನ್ನಟ್ಟಬೇಡಿ. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂಳು ಹಾಕಿ. ಜೋಳದ ರೊಟ್ಟಿಯೊಂದಿಗೆ ಬೆಂದ ಬೇಳೆಯೋ ತತ್ತಿಯೋ ಇರಲಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೇಡ. ಅವು ನಾಯಿಯ ರಕ್ತ ಕೆಡಿಸುತ್ತವೆ.

ಕುರಿ ಸಾಕಿದವರು ಸತ್ತ ಕುರಿಯ ತಲೆಯನ್ನು ನಾಯಿಗೆ ಹಾಕಲೇಬಾರದು. ಮಿದುಳಿನಲ್ಲಿರುವ ನೀರುಗುಳ್ಳೆಯಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ತತ್ತಿಗಳು ಮೇವಿಗೆ ಸೇರಿ, ಉಳಿದ ಕುರಿಗಳಿಗೆ ತಲೆ ತಿರುಗುವ ರೋಗ ತಗಲುತ್ತದೆ. ಆದುದರಿಂದ ಮೂರು ತಿಂಗಳಿಗೊಮ್ಮೆ ನಾಯಿಗೆ ಜಂತಿನ ಔಷಧಿ ಕೊಡಿಸಿ.

ಎಲ್ಲಕ್ಕಿಂತ ಮುಖ್ಯವಾದುದು ಹುಚ್ಚುನಾಯಿ ರೋಗದ ಚುಚ್ಚುಮದ್ದು. ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲನೆಯದು. ಮುಂದಿನವು ದನದ ದವಾಖಾನೆಯ ವೈದ್ಯರು ಹೇಳಿದ ಪ್ರಕಾರ. ಬೆಳೆದ ನಾಯಿಯನ್ನು ತಂದಿದ್ದರೆ ಕೂಡಲೇ ಹಾಕಿಸಿ.

ಒಂದು ವೇಳೆ ನಾಯಿ ಕಚ್ಚಿದರೆ, ಮನೆಯದೇ ಇರಲಿ, ಗಾಯಕ್ಕೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ ಹಚ್ಚಬೇಡಿ. ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪೂರ್ತಿ ತೆಗೆದುಕೊಳ್ಳಿ. ರೋಗದ ಲಕ್ಷಣ ಕಂಡ ಮೇಲೆ ಉಳಿಸುವ ಮದ್ದಿಲ್ಲ.

ನಿತ್ಯ ರೊಟ್ಟಿ ಹಾಕುವ ಮಗುವಿನ ಕೈಯನ್ನೇ ನಾಯಿ ನೆಕ್ಕುವುದು. ಆ ಕೈಯ ಸಲುವಾಗಿಯಾದರೂ ಚುಚ್ಚುಮದ್ದನ್ನು ನಾಳೆಗೆ ತಳ್ಳಬೇಡಿ.